ಮೂರು ಸನ್ನದು, ಒಂದೇ ಕರಿಕೋಟು: ಬೇರೆ ಬೇರೆ ದೇಶಗಳಲ್ಲಿ ವಕೀಲಿಕೆ ಮಾಡುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಿಪಟೂರಿನವಳು. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸಿದೆ. ಆಮೇಲೆ ನ್ಯೂಯಾರ್ಕಿನಲ್ಲಿ ಅಟಾರ್ನಿ, ಅಂದರೆ ಅಲ್ಲಿನ ವಕೀಲೆ, ಆದೆ. ಈಗ ಲಂಡನ್ನಿನಲ್ಲಿ ಸಾಲಿಸಿಟರ್, ಕಕ್ಷಿದಾರರ ಫೈಲು ನೋಡಿಕೊಳ್ಳುವ ವಕೀಲೆ. ಊರಿಗೆ ಹೋದಾಗ ಮದುವೆ ಮನೆಯ ಪಂಕ್ತಿಯಲ್ಲಿ, ಲಾ ಕಾಲೇಜಿನ ಮಕ್ಕಳ ಪತ್ರಗಳಲ್ಲಿ, ರಾತ್ರಿ ಹನ್ನೊಂದಕ್ಕೆ ಬರುವ ವಾಟ್ಸಾಪ್ ಮೆಸೇಜುಗಳಲ್ಲಿ ಮತ್ತೆ ಮತ್ತೆ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಫೀಸು, ಪರೀಕ್ಷೆ, ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮೊದಲು ಆಯಾ ಸಂಸ್ಥೆಯ ಈಗಿನ ನಿಯಮವನ್ನು ಓದಿಕೊಳ್ಳಿ.

## ಮೊದಲ ಮೆಟ್ಟಿಲು

ಮೂರು ಕಡೆ ಲಾಯರ್ ಅಂತೀರಲ್ಲ ಮೇಡಂ, ಅಂದ್ರೆ ನೀವು ಇಂಟರ್‌ನ್ಯಾಷನಲ್ ಲಾಯರಾ?

ಅಂಥದ್ದೊಂದು ಲೈಸೆನ್ಸ್ ಎಲ್ಲೂ ಕೊಡುವುದಿಲ್ಲ. ವಕೀಲರ ಸನ್ನದು ಡ್ರೈವಿಂಗ್ ಲೈಸೆನ್ಸ್ ಥರ ಅಲ್ಲ, ಗಡಿ ದಾಟಿದ ಮೇಲೂ ಕೆಲವು ತಿಂಗಳು ನಡೆಯಲು. ನನ್ನ ಹತ್ತಿರ ಇರುವುದು ಮೂರು ಬೇರೆ ಬೇರೆ ಅನುಮತಿ. ಒಂದೊಂದಕ್ಕೂ ಒಂದೊಂದು ಗಡಿ. ನ್ಯೂಯಾರ್ಕಿನ ಅನುಮತಿ ನದಿಯಾಚೆಯ ನ್ಯೂಜೆರ್ಸಿಯಲ್ಲೇ ನಡೆಯುವುದಿಲ್ಲ.

ಇದು ಹೊಸ ಕತೆಯೂ ಅಲ್ಲ. ಗಾಂಧೀಜಿ 1891ರ ಜೂನ್‌ನಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಅನ್ನುವ ವಕೀಲರ ಸಂಸ್ಥೆಯಿಂದ ಬ್ಯಾರಿಸ್ಟರ್ ಆದರು. ಊರಿಗೆ ಬಂದು ಬಾಂಬೆ ಹೈಕೋರ್ಟಿನಲ್ಲಿ ಹೆಸರು ಬರೆಸಿದರು. ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ ಎರಡೂ ಸಾಲಲಿಲ್ಲ. 1894ರಲ್ಲಿ ನಟಾಲ್‌ನಲ್ಲಿ ಬೇರೆ ಅರ್ಜಿ ಹಾಕಬೇಕಾಯಿತು, ಅಲ್ಲಿನ ವಕೀಲರ ಸಂಘ ಅಡ್ಡ ಬಂತು, ಕೋರ್ಟು ಸಂಘದ ಮಾತು ಕೇಳಲಿಲ್ಲ. 1903ರಲ್ಲಿ ಜೋಹಾನ್ಸ್‌ಬರ್ಗಿಗೆ ಹೋದಾಗ ಟ್ರಾನ್ಸ್‌ವಾಲ್‌ಗೆ ಮತ್ತೊಂದು. ಆ ಲೆಕ್ಕದಲ್ಲಿ ನನ್ನದು ಮೂರೇ, ಅವರದು ನಾಲ್ಕು.

ಬೆಂಗಳೂರಿನಲ್ಲಿ ಎನ್‌ರೋಲ್ ಆದ್ರೆ ಮುಂಬೈಯಲ್ಲಿ ವಾದ ಮಾಡಬಹುದಾ? ಅಲ್ಲೂ ಬೇರೆ ಸನ್ನದು ಬೇಕಾ?

ಬೇಡ. ಭಾರತದ ಒಳ್ಳೆಯ ವ್ಯವಸ್ಥೆಗಳಲ್ಲಿ ಇದೊಂದು. 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಯಾವ ರಾಜ್ಯದ ಪರಿಷತ್ತಿನಲ್ಲಿ ಹೆಸರಿದ್ದರೂ ದೇಶದ ಎಲ್ಲ ಕೋರ್ಟುಗಳಲ್ಲಿ ವಾದಿಸಬಹುದು. ತಮಾಷೆ ಏನೆಂದರೆ, ಕಾಯ್ದೆ 1961ರದಾದರೂ ಈ ಸೆಕ್ಷನ್ ಜಾರಿಗೆ ಬಂದದ್ದು 2011ರ ಜೂನ್ 15ಕ್ಕೆ. ಐವತ್ತು ವರ್ಷ ಅದು ಪುಸ್ತಕದಲ್ಲೇ ಮಲಗಿತ್ತು.

ಎರಡು ಕಡೆ ಮಾತ್ರ ಹುಷಾರಾಗಿರಿ. ಸುಪ್ರೀಂ ಕೋರ್ಟಿನಲ್ಲಿ ಯಾರು ಬೇಕಾದರೂ ವಾದಿಸಬಹುದು, ಆದರೆ ಕೇಸು ಫೈಲ್ ಮಾಡಲು ಅಡ್ವೊಕೇಟ್ ಆನ್ ರೆಕಾರ್ಡ್ ಆಗಿರಬೇಕು. ಅದಕ್ಕೆ 4 ವರ್ಷ ಪ್ರಾಕ್ಟೀಸ್, ಅಂಥ ಒಬ್ಬ ಸೀನಿಯರ್ ಹತ್ತಿರ 1 ವರ್ಷ ತರಬೇತಿ, ಆಮೇಲೆ ಪರೀಕ್ಷೆ. ಕೋರ್ಟಿನಿಂದ 16 ಕಿಲೋಮೀಟರ್ ಒಳಗೆ ಆಫೀಸೂ ಇರಬೇಕು. ಇನ್ನು ಕೆಲವು ಹೈಕೋರ್ಟುಗಳು ಹೊರಗಿನ ವಕೀಲರು ಸ್ಥಳೀಯ ವಕೀಲರ ಜೊತೆಗೇ ವಕಾಲತ್ತು ಹಾಕಬೇಕು ಎನ್ನುತ್ತವೆ. ಅಲಹಾಬಾದ್ ಹೈಕೋರ್ಟಿನ ಇಂಥ ನಿಯಮವನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಪಿಯುಸಿ ಆದ್ಮೇಲೆ 5 ವರ್ಷದ ಕೋರ್ಸಾ, ಡಿಗ್ರಿ ಆದ್ಮೇಲೆ 3 ವರ್ಷದ್ದಾ? ಹೊರದೇಶಕ್ಕೆ ಯಾವುದು ವಾಸಿ?

ನಾನು ಬಿ.ಕಾಂ. ಮುಗಿಸಿ 3 ವರ್ಷದ ಎಲ್‌ಎಲ್‌ಬಿ ಮಾಡಿದವಳು. ಎರಡೂ ನಡೆಯುತ್ತವೆ. ಹೊರಗಿನವರು ನೋಡುವುದು ಕಾಲೇಜಿಗೆ ಹೋಗಿ ಪೂರ್ಣಾವಧಿ ಓದಿದ್ದೀರಾ, ಕನಿಷ್ಠ ಮೂರು ವರ್ಷದಷ್ಟು ಕಾನೂನು ಪಾಠ ಆಗಿದೆಯಾ ಅಂತ. ಹಾಜರಾತಿ ಇಲ್ಲದೆ ಸುಮ್ನೆ ಪರೀಕ್ಷೆ ಬರೆದು ಪಡೆದ ಡಿಗ್ರಿ ಇಲ್ಲಿ ಹೇಗೋ ದಾಟಬಹುದು, ನ್ಯೂಯಾರ್ಕಿನಲ್ಲಿ ಸಿಕ್ಕಿಕೊಳ್ಳುತ್ತದೆ.

ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಿದರೆ ದೊಡ್ಡ ಸಂಸ್ಥೆಗಳ ಬಾಗಿಲು ಬೇಗ ತೆರೆಯುತ್ತದೆ, ಅದನ್ನು ಸುಳ್ಳು ಅನ್ನಲಾರೆ. ಆದರೆ ವಕೀಲರಾಗಲು ಬರೆಯುವ ಬಾರ್ ಪರೀಕ್ಷೆಯ ಉತ್ತರ ಪತ್ರಿಕೆಯ ಮೇಲೆ ಕಾಲೇಜಿನ ಹೆಸರು ಇರುವುದಿಲ್ಲ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಡಿಗ್ರಿ ಹಿಡಿದು ಪಾಸಾದವರು ನನಗೆ ಗೊತ್ತಿದ್ದಾರೆ.

ಸನ್ನದು ಪಡೆಯೋಕೆ ಎಷ್ಟು ಕಟ್ಟಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕಾಯ್ದೆಯಲ್ಲಿರುವುದು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಬೇರೆ ಬೇರೆ ರಾಜ್ಯಗಳು ಅದರ ಮೇಲೆ ಸಾವಿರಾರು ರೂಪಾಯಿ ಸೇರಿಸುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದು ಕೂಡದು ಅಂದಿತು. ಎನ್‌ರೋಲ್ ಆದ ಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ: 100 ಪ್ರಶ್ನೆ, ಮೂರೂವರೆ ಗಂಟೆ, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು. ಮುಂದೆ ಬರುವ ಪರೀಕ್ಷೆಗಳ ಮುಂದೆ ಇದು ಆಟ.

ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ನನ್ನ ಕೈಲಿ ಇದೆಲ್ಲ ಆಗುತ್ತಾ ಅಕ್ಕಾ?

ನಾನೂ ಅದೇ. ಇಂಗ್ಲಿಷ್ ಭಾಷೆಗಿಂತ ನನಗೆ ಕಷ್ಟವಾದದ್ದು ಬರೆಯುವ ರೀತಿ. ನಮ್ಮಲ್ಲಿ ಪ್ಲೀಡಿಂಗ್ (ಕೋರ್ಟಿಗೆ ಬರೆದು ಕೊಡುವ ಅಹವಾಲು) ಅಂದರೆ ಇಪ್ಪತ್ತು ಪುಟ, 'ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಅಂತ ಶುರು. ನ್ಯೂಯಾರ್ಕಿನ ಪ್ರೊಫೆಸರ್ ನನ್ನ ಮೊದಲ ಮೆಮೊದಲ್ಲಿ ಎರಡು ಪುಟ ಅಡ್ಡಗೀಟು ಹಾಕಿ, ಮೂರನೇ ಪುಟದ ಒಂದು ಸಾಲಿಗೆ ಗುರುತು ಹಾಕಿ 'ಇಲ್ಲಿಂದ ಶುರು ಮಾಡು' ಅಂತ ಬರೆದಿದ್ದರು. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಕನ್ನಡ ನಷ್ಟವಲ್ಲ, ಬಂಡವಾಳ. ತಾಲ್ಲೂಕು ಕೋರ್ಟಿನ ಕಾಗದ, ಪಹಣಿ, ಹಳೆಯ ಪಾರೀಕತ್ತು ಪತ್ರ ಇವನ್ನು ಓದಿ ಅರ್ಥ ಹೇಳಬಲ್ಲ ಸಾಲಿಸಿಟರ್‌ಗಳು ಲಂಡನ್ನಿನಲ್ಲಿ ಬೆರಳೆಣಿಕೆ. ನನಗೆ ಇವತ್ತು ಬರುವ ಕೆಲಸದ ಅರ್ಧ ಅದರಿಂದಲೇ.

## ಹೊರಗೆ ಹೋಗುವ ದಾರಿ

ಎಲ್‌ಎಲ್‌ಎಂ ಮಾಡಿದ್ರೆ ಅಲ್ಲೇ ಲಾಯರ್ ಆಗಬಹುದು ಅಂತ ಏಜೆಂಟ್ ಹೇಳಿದ, ನಿಜಾನಾ?

ಅರ್ಧ ನಿಜ. ಅರ್ಧ ನಿಜಕ್ಕೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ನ್ಯೂಯಾರ್ಕಿನಲ್ಲಿ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಒಂದು ಮೆಟ್ಟಿಲು. ನಿಮ್ಮ ಭಾರತದ ಡಿಗ್ರಿಯಲ್ಲಿ ಅವಧಿಯದ್ದೋ ವಿಷಯದ್ದೋ ಒಂದು ಕೊರತೆ ಇದ್ದರೆ ಅದನ್ನು ತುಂಬಿಕೊಳ್ಳಲು ಅದು ಸಹಾಯಕ್ಕೆ ಬರುತ್ತದೆ. ಆದರೆ ಯಾವ ಎಲ್‌ಎಲ್‌ಎಂ ಆದರೂ ಆಗುವುದಿಲ್ಲ. ಕನಿಷ್ಠ 24 ಕ್ರೆಡಿಟ್ ಇರಬೇಕು. ಅದರಲ್ಲಿ ವೃತ್ತಿ ನೀತಿಗೆ 2, ಕಾನೂನು ಬರವಣಿಗೆ ಮತ್ತು ಸಂಶೋಧನೆಗೆ 2, ಅಮೆರಿಕದ ಕಾನೂನು ವ್ಯವಸ್ಥೆಗೆ 2, ಬಾರ್ ಪರೀಕ್ಷೆಯಲ್ಲಿ ಬರುವ ವಿಷಯಗಳಿಗೆ 6. ನನ್ನ ಜೊತೆಗೆ ಓದಿದ ಒಬ್ಬ ಹುಡುಗ ಪೂರಾ ಮಾನವ ಹಕ್ಕುಗಳ ವಿಷಯಗಳನ್ನೇ ತಗೊಂಡ. ತುಂಬ ಚೆನ್ನಾಗಿ ಓದಿದ. ಪರೀಕ್ಷೆಗೆ ಕೂರಲು ಮಾತ್ರ ಆಗಲಿಲ್ಲ.

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಎಲ್‌ಎಲ್‌ಎಂ ಬೇಕಾಗಿಯೇ ಇಲ್ಲ. ಓದಿನ ಆಸೆಗೆ ಮಾಡಿದರೆ ಸರಿ, ಲೈಸೆನ್ಸಿಗೆ ಅಂತ ಮಾಡಬೇಡಿ.

ನ್ಯೂಯಾರ್ಕ್ ಬಾರ್ ಎಕ್ಸಾಂ ಅಷ್ಟು ಕಷ್ಟಾನಾ? ಹೇಗಿರುತ್ತೆ?

ಎರಡು ದಿನ. ಮೊದಲ ದಿನ ಬರವಣಿಗೆ: ಬೆಳಿಗ್ಗೆ ತೊಂಬತ್ತು ತೊಂಬತ್ತು ನಿಮಿಷದ ಎರಡು ಕಡತ, ಮಧ್ಯಾಹ್ನ ಅರ್ಧರ್ಧ ಗಂಟೆಯ ಆರು ಪ್ರಬಂಧ. ಕಡತದಲ್ಲಿ ಒಂದಷ್ಟು ಪತ್ರ, ಸಾಕ್ಷಿ ಹೇಳಿಕೆ, ನಾಲ್ಕೈದು ತೀರ್ಪು ಕೊಟ್ಟು ಮೆಮೊ ಬರೆಯಿರಿ ಅನ್ನುತ್ತಾರೆ. ಜೂನಿಯರ್ ಆಗಿ ಸೀನಿಯರ್ ಟೇಬಲ್ ಮೇಲಿನ ಫೈಲು ತಿರುವಿ ಹಾಕಿದ್ದವರಿಗೆ ಇದು ಕೈಗೆ ಒಗ್ಗಿದ ಕೆಲಸ. ಎರಡನೇ ದಿನ 200 ಆಯ್ಕೆ ಪ್ರಶ್ನೆ, ಬೆಳಿಗ್ಗೆ ನೂರು, ಮಧ್ಯಾಹ್ನ ನೂರು. ಒಂದಕ್ಕೆ ಎರಡು ನಿಮಿಷವೂ ಇಲ್ಲ. 400ಕ್ಕೆ 266 ಬಂದರೆ ಪಾಸು.

ನನಗೆ ಸಿಕ್ಕ ಕೇಂದ್ರ ಆಲ್ಬನಿ. ಜುಲೈ ಕೊನೆ, ಹೊರಗೆ ಸೆಕೆ, ಹಾಲ್ ಒಳಗೆ ಏಸಿಯ ಚಳಿ. ಮಧ್ಯಾಹ್ನದ ಹೊತ್ತಿಗೆ ಬೆರಳು ಮರಗಟ್ಟಿದ್ದವು. ಅಲ್ಲಿಯವರೆಗೆ ಹತ್ತು ವಾರ, ದಿನಕ್ಕೆ ಹತ್ತು ಗಂಟೆ ಓದಿದ್ದೆ. ನಾವು ಎಡವುವುದು ಆಸ್ತಿ ಕಾನೂನಿನಲ್ಲಿ. ನಮ್ಮ ಆಸ್ತಿ ವರ್ಗಾವಣೆ ಕಾಯ್ದೆಯ ಶಾಶ್ವತತೆಯ ವಿರುದ್ಧದ ನಿಯಮ (ಆಸ್ತಿಯನ್ನು ತಲೆಮಾರುಗಟ್ಟಲೆ ಕಟ್ಟಿಹಾಕಬಾರದು ಅನ್ನುವುದು) ಅಲ್ಲಿ ಬೇರೆಯೇ ವೇಷದಲ್ಲಿ ಬರುತ್ತದೆ. ಕಾಂಟ್ರಾಕ್ಟ್, ಟಾರ್ಟ್ (ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರದ ಕಾನೂನು) ಎರಡೂ ಹಳೇ ನೆಂಟರ ಹಾಗೆ, ಮುಖ ಪರಿಚಯ ಇರುತ್ತದೆ.

ಪಾಸಾದ ಮೇಲೂ ಮುಗಿಯುವುದಿಲ್ಲ. ವೃತ್ತಿ ನೀತಿಯ ಬೇರೆ ಪರೀಕ್ಷೆಯಲ್ಲಿ 85 ಅಂಕ ಬೇಕು. ನ್ಯೂಯಾರ್ಕ್ ಕಾನೂನಿನ ಮೇಲೆ 50 ಪ್ರಶ್ನೆಯ ಆನ್‌ಲೈನ್ ಪರೀಕ್ಷೆ ಇದೆ. ದುಡ್ಡಿಲ್ಲದವರಿಗಾಗಿ 50 ಗಂಟೆ ಉಚಿತ ಕಾನೂನು ಕೆಲಸ ಮಾಡಿರಬೇಕು. ಆಮೇಲೆ ನಡತೆ ವಿಚಾರಣೆ. ಬಾರ್ ಪರೀಕ್ಷೆಯ ಸ್ವರೂಪವೂ ಬದಲಾಗಲಿದೆ. ಹೊಸ ಮಾದರಿ ನ್ಯೂಯಾರ್ಕಿಗೆ ಬರುವುದು 2028ರ ಜುಲೈಯಿಂದ.

ಎಲ್‌ಎಲ್‌ಎಂಗೆ ದುಡ್ಡಿಲ್ಲ. ಅದಿಲ್ಲದೆ ಅಮೆರಿಕದ ಬಾರ್ ಬರೆಯೋಕೆ ದಾರಿ ಇಲ್ವಾ?

ಇದೆ. ಕ್ಯಾಲಿಫೋರ್ನಿಯಾ. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾಗಿದ್ದು ಸನ್ನದು ಚೊಕ್ಕವಾಗಿದ್ದರೆ ಅಲ್ಲಿ ಮತ್ತೆ ಓದದೆಯೇ ಪರೀಕ್ಷೆಗೆ ಕೂರಬಹುದು. ನ್ಯೂಯಾರ್ಕಿನಲ್ಲೂ ಡಿಗ್ರಿ ಅವಧಿಯಲ್ಲಿ ಮತ್ತು ವಿಷಯದಲ್ಲಿ ಎರಡರಲ್ಲೂ ಸಮ ಅಂತ ತೀರ್ಮಾನವಾದರೆ ನೇರವಾಗಿ ಬರೆಯಬಹುದು. ಹಾಗಾಗಿ ಎಲ್‌ಎಲ್‌ಎಂಗೆ ಸಾಲ ಮಾಡುವ ಮೊದಲು ಅಲ್ಲಿನ ಪರೀಕ್ಷಾ ಮಂಡಳಿಗೆ ಮುಂಗಡ ಪರಿಶೀಲನೆಯ ಅರ್ಜಿ ಹಾಕಿ. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ವಿಶ್ವವಿದ್ಯಾಲಯದವರು ಮಾರ್ಕ್ಸ್ ಕಾರ್ಡನ್ನು ತಾವೇ ಸೀಲು ಮಾಡಿ ನೇರ ಕಳಿಸಬೇಕು, ಅದು ಇನ್ನೊಂದು ಕತೆ. ನನ್ನ ಲಕೋಟೆ ವಿಶ್ವವಿದ್ಯಾಲಯದಿಂದ ಹೊರಡಲು ನಾನು ಐದು ಸಲ ಕೌಂಟರಿಗೆ ಹೋಗಿದ್ದೆ.

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗೋದು ಸುಲಭ ಅಂತಾರೆ. ಹೌದಾ?

ಸುಲಭ ಅಲ್ಲ, ನೇರ. 2021ರ ಸೆಪ್ಟೆಂಬರ್‌ನಿಂದ ಎಸ್‌ಕ್ಯೂಇ ಅನ್ನುವ ಒಂದೇ ಪರೀಕ್ಷೆ ಎಲ್ಲರಿಗೂ, ಅಲ್ಲಿನವರಿಗೂ ನಮಗೂ. ಅದಕ್ಕೆ ಎರಡು ಭಾಗ. ಮೊದಲನೆಯದರಲ್ಲಿ ಎರಡು ದಿನ, ದಿನಕ್ಕೆ 180 ಆಯ್ಕೆ ಪ್ರಶ್ನೆ. ಎರಡನೆಯದು ಕೈಕೆಲಸ: ಕಕ್ಷಿದಾರರನ್ನು ಮಾತಾಡಿಸುವುದು, ಕರಾರು ಬರೆಯುವುದು, ಜಡ್ಜ್ ಮುಂದೆ ವಾದ ಮಾಡುವುದು, ಹೀಗೆ ಒಟ್ಟು 16. ಅದರಲ್ಲಿ 12 ಬರವಣಿಗೆ, 4 ಬಾಯಿ ಮಾತಿನದು. ಬಾಯಿ ಮಾತಿನದಕ್ಕೆ ಅಲ್ಲಿಗೇ ಹೋಗಬೇಕು.

ಭಾರತದಲ್ಲಿ ಈಗಾಗಲೇ ವಕೀಲರಾಗಿರುವವರಿಗೆ ಒಂದು ದೊಡ್ಡ ಅನುಕೂಲ: ಅಲ್ಲಿನ ಮಕ್ಕಳು ಮಾಡಬೇಕಾದ 2 ವರ್ಷದ ಕಡ್ಡಾಯ ಅನುಭವ ನಮಗಿಲ್ಲ. ಒಳ್ಳೆಯ ಅನುಭವ ಇದ್ದರೆ ಎರಡನೇ ಭಾಗದಿಂದ ವಿನಾಯಿತಿಯನ್ನೂ ಕೇಳಬಹುದು. ಆಗ ಇಂಗ್ಲಿಷ್ ಬರುತ್ತದೆ ಅಂತ ಬೇರೆಯಾಗಿ ತೋರಿಸಬೇಕು.

ನನ್ನನ್ನು ಬೆವರಿಳಿಸಿದ್ದು ಲೆಕ್ಕಪತ್ರದ ಪ್ರಶ್ನೆಗಳು. ಕಕ್ಷಿದಾರರ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಯಾವ ಪೆನ್ನಿ ಯಾವ ಖಾತೆಗೆ ಹೋಯಿತು ಅಂತ ಬರೆಯಬೇಕು. ಬಿ.ಕಾಂ. ಓದಿದ್ದು ಅವತ್ತು ಕೈಹಿಡಿಯಿತು. ಅಲ್ಲಿಯವರೆಗೆ ಆ ಮೂರು ವರ್ಷ ದಂಡ ಅಂದುಕೊಂಡಿದ್ದೆ.

ಸಾಲಿಸಿಟರ್‌ಗೂ ಬ್ಯಾರಿಸ್ಟರ್‌ಗೂ ಏನು ವ್ಯತ್ಯಾಸ? ಅಂಬೇಡ್ಕರ್ ಯಾವುದು?

ಅಂಬೇಡ್ಕರ್ ಬ್ಯಾರಿಸ್ಟರ್, ಗ್ರೇಸ್ ಇನ್‌ನಿಂದ. ಇನ್ ಅಂದರೆ ಇನ್ನರ್ ಟೆಂಪಲ್ ಥರದ ಲಂಡನ್ನಿನ ಹಳೆಯ ವಕೀಲರ ಸಂಸ್ಥೆ. ಕಕ್ಷಿದಾರರು ಮೊದಲು ಬರುವುದು ಸಾಲಿಸಿಟರ್ ಹತ್ತಿರ, ಫೈಲು ಅವರ ಕೈಯಲ್ಲಿ. ದೊಡ್ಡ ಕೋರ್ಟಿನಲ್ಲಿ ವಾದಕ್ಕೆ ನಿಲ್ಲುವುದು ಸಾಮಾನ್ಯವಾಗಿ ಬ್ಯಾರಿಸ್ಟರ್. ಬ್ಯಾರಿಸ್ಟರ್ ಆಗಲು ಈಗಲೂ ನಾಲ್ಕು ಇನ್‌ಗಳಲ್ಲಿ ಒಂದನ್ನು ಸೇರಬೇಕು. ನಮ್ಮಲ್ಲಿ ಒಬ್ಬರೇ ಎರಡೂ ಮಾಡುತ್ತಾರೆ. ತಿಪಟೂರಿನಲ್ಲಿ ನಮ್ಮ ಸೀನಿಯರ್ ಜೆರಾಕ್ಸ್ ಮಾಡಿಸುವುದನ್ನೂ ತಾವೇ ಮಾಡುತ್ತಿದ್ದರು.

ಒಟ್ಟು ಎಷ್ಟು ಖರ್ಚಾಯ್ತು? ಮುಚ್ಚುಮರೆ ಇಲ್ಲದೆ ಹೇಳಿ.

ಅಮೆರಿಕದ ಎಲ್‌ಎಲ್‌ಎಂ ಎಲ್ಲವನ್ನೂ ನುಂಗುತ್ತದೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳಲ್ಲಿ ಫೀಸೊಂದೇ 70 ಸಾವಿರ ಡಾಲರ್ ದಾಟಿದೆ, ಮೇಲೆ ನ್ಯೂಯಾರ್ಕಿನ ಬಾಡಿಗೆ. ಬಾರ್ ಪರೀಕ್ಷೆಗೆ ಹೊರದೇಶದಲ್ಲಿ ಓದಿದವರು ಕಟ್ಟುವುದು 750 ಡಾಲರ್. ನಮ್ಮಲ್ಲಿ ಸನ್ನದಿಗೆ 750 ರೂಪಾಯಿ, ಅಲ್ಲಿ 750 ಡಾಲರ್, ಅಂಕಿ ಒಂದೇ ನೋಡಿ. ಇಂಗ್ಲೆಂಡಿನ ಎಸ್‌ಕ್ಯೂಇ ಎರಡೂ ಭಾಗ ಸೇರಿ ಸುಮಾರು 4,900 ಪೌಂಡ್, ಅಂದರೆ ಐದು ಲಕ್ಷ ರೂಪಾಯಿಗೂ ಜಾಸ್ತಿ. ಕೋಚಿಂಗ್ ಬೇರೆ.

ನಾನು ಅರ್ಧ ಸ್ಕಾಲರ್‌ಶಿಪ್, ಅರ್ಧ ಬ್ಯಾಂಕ್ ಸಾಲದಲ್ಲಿ ಹೋದೆ. ಅಪ್ಪನ ಎರಡು ಎಕರೆ ತೆಂಗಿನ ತೋಟ ಬ್ಯಾಂಕಿನಲ್ಲಿ ಅಡವಿತ್ತು. ಸಾಲ ತೀರಿಸಲು ಆರು ವರ್ಷ ಹಿಡಿಯಿತು. ಈಗ ಯಾರಾದರೂ ಕೇಳಿದರೆ, ಮನೆಯಲ್ಲಿ ದುಡ್ಡಿಲ್ಲದಿದ್ದರೆ ಮೊದಲು ಎಸ್‌ಕ್ಯೂಇ ನೋಡಿ ಅನ್ನುತ್ತೇನೆ. ಮೊದಲ ಭಾಗಕ್ಕೆ ದೇಶ ಬಿಡಬೇಕಾಗಿಲ್ಲ, ಪಾಸಾಗದಿದ್ದರೂ ತೋಟ ಉಳಿಯುತ್ತದೆ.

ಲೈಸೆನ್ಸ್ ಸಿಕ್ಕರೆ ವೀಸಾ ತಾನಾಗೇ ಸಿಗುತ್ತೆ ಅಲ್ವಾ?

ಇಲ್ಲ. ಎರಡೂ ಬೇರೆ ಬೇರೆ. ನ್ಯೂಯಾರ್ಕ್ ಬಾರ್ ನಿಮ್ಮ ಪೌರತ್ವ ಕೇಳುವುದಿಲ್ಲ, ಹಾಗೇ ಬಾರ್ ಪಾಸಾದ ಮಾತ್ರಕ್ಕೆ ಯಾರೂ ವೀಸಾ ಕೊಡುವುದಿಲ್ಲ. ಎಲ್‌ಎಲ್‌ಎಂ ಆದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವುದು 12 ತಿಂಗಳು. ಇಂಜಿನಿಯರ್‌ಗಳಿಗೆ ಸಿಗುವ ಹೆಚ್ಚುವರಿ 24 ತಿಂಗಳು ನಮಗಿಲ್ಲ. ಆಮೇಲೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿ. ನನಗೆ ಹೊಡೆಯಲಿಲ್ಲ, ಹಾಗಾಗಿಯೇ ನಾನು ಲಂಡನ್ನಿಗೆ ಬಂದದ್ದು. 'ಯೋಜನೆ ಮಾಡಿ ಮೂರು ದೇಶ ಆರಿಸಿಕೊಂಡ್ರಾ' ಅಂತ ಕೇಳುವವರಿಗೆ ಇದೇ ಉತ್ತರ.

ಕೆನಡಾ, ದುಬೈ ಹೇಗೆ?

ಕೆನಡಾದಲ್ಲಿ ರಾಷ್ಟ್ರೀಯ ಸಮಿತಿಯೊಂದು ನಿಮ್ಮ ಡಿಗ್ರಿ ನೋಡಿ ಯಾವ ಯಾವ ವಿಷಯದ ಪರೀಕ್ಷೆ ಬರೆಯಬೇಕು ಅಂತ ಪಟ್ಟಿ ಕೊಡುತ್ತದೆ. ಅದಾದ ಮೇಲೆ ಆಯಾ ಪ್ರಾಂತ್ಯದ ಬಾರ್. ದುಬೈಯ ಸ್ಥಳೀಯ ಕೋರ್ಟುಗಳ ಭಾಷೆ ಅರಬಿ, ಹಣಕಾಸು ಕೇಂದ್ರದ ಕೋರ್ಟಿನದು ಇಂಗ್ಲಿಷ್. ನಮ್ಮವರು ಅಲ್ಲಿ ಜಾಸ್ತಿ ಮಾಡುವುದು ಕಂಪನಿ ಮತ್ತು ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ವ್ಯಾಜ್ಯ ತೀರಿಸುವ) ಕೆಲಸ.

## ಕೆಲಸಕ್ಕೆ ಇಳಿದ ಮೇಲೆ

ದಿನವಿಡೀ ಮಾಡೋದೇನು? ಒಂದು ಕೇಸು ಉದಾಹರಣೆ ಕೊಡಿ.

ಊರು, ಹೆಸರು ಬದಲಿಸಿ ಹೇಳುತ್ತೇನೆ. ಲಂಡನ್ ಪಕ್ಕ ನಲವತ್ತು ವರ್ಷ ಇದ್ದ ಡಾಕ್ಟರ್ ಒಬ್ಬರು ತೀರಿಕೊಂಡರು. ಅಲ್ಲೊಂದು ಮನೆ, ಇಲ್ಲಿ ಕರ್ನಾಟಕದಲ್ಲಿ ಮೂರು ಎಕರೆ ತೋಟ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ.

ಅಲ್ಲಿನ ಮನೆಗೆ ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ದೃಢೀಕರಣ, ಬೇಕು. ಅದಕ್ಕೆ ಮೊದಲು ತೆರಿಗೆ ಲೆಕ್ಕ: 3,25,000 ಪೌಂಡ್ ದಾಟಿದ ಆಸ್ತಿಗೆ ಸಾಮಾನ್ಯವಾಗಿ ಶೇಕಡಾ 40. ಇಲ್ಲಿನ ತೋಟಕ್ಕೆ ಪ್ರೊಬೇಟ್ ಕೇಳುವವರಿಲ್ಲ, ನಾಡಕಚೇರಿಗೆ ಮರಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಬೇಕು. ಭಾರತದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ, ಎಸ್ಟೇಟ್ ಡ್ಯೂಟಿ, 1985ರಲ್ಲೇ ಹೋಯಿತು. ಆದರೆ 2025ರ ಏಪ್ರಿಲ್‌ನಿಂದ ಬ್ರಿಟನ್ ನಿಯಮ ಬದಲಾಗಿದೆ. ಕಳೆದ 20 ವರ್ಷದಲ್ಲಿ 10 ವರ್ಷ ಅಲ್ಲಿ ವಾಸವಿದ್ದವರ ಜಗತ್ತಿನ ಎಲ್ಲ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಅಂದರೆ ತಿಪಟೂರಿನ ತೆಂಗಿನ ಮರವೂ. ಆಗ ಎರಡು ದೇಶಗಳ ನಡುವಿನ 1956ರ ಹಳೆಯ ತೆರಿಗೆ ಒಪ್ಪಂದ ತೆಗೆದು, ಈ ಡಾಕ್ಟರಿಗೆ ಅದು ಅನ್ವಯಿಸುತ್ತದಾ ಅಂತ ನೋಡಬೇಕು. ಒಂದು ಕಡೆ ಆ ತೆರಿಗೆಯೇ ಸತ್ತಿದೆ, ಒಪ್ಪಂದ ಮಾತ್ರ ಜೀವಂತ.

ಮಕ್ಕಳು ಊರಿನ ಚಿಕ್ಕಪ್ಪನಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು. ಅಲ್ಲಿ ನೋಟರಿ ಮುಂದೆ ಸಹಿ, ಅದರ ಮೇಲೆ ಅಪೊಸ್ಟಿಲ್ ಮುದ್ರೆ (ಕಾಗದ ಬೇರೆ ದೇಶದಲ್ಲೂ ನಡೆಯಲು ಸರ್ಕಾರ ಹಾಕುವುದು). ಇಲ್ಲವೇ ಭಾರತೀಯ ಹೈಕಮಿಷನ್ ಮೂಲಕ. ಕಾಗದ ಕರ್ನಾಟಕಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಶುಲ್ಕ ಕಟ್ಟಬೇಕು. ನನ್ನ ಮೊದಲ ವರ್ಷದ ಎಡವಟ್ಟು ಇದೇ. ಇನ್ನೊಂದು ಕೇಸಿನಲ್ಲಿ ಕಾಗದ ಎಲ್ಲ ಸರಿ ಮಾಡಿ ಕಳಿಸಿದೆ, ಈ ಮೂರು ತಿಂಗಳ ಮಾತು ಹೇಳುವುದನ್ನು ಮರೆತೆ. ಆ ಮನೆಯವರು ಅದನ್ನು ಜೋಪಾನವಾಗಿ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟರು. ಐದು ತಿಂಗಳಾದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗೊತ್ತಾಯಿತು. ಎಲ್ಲ ಮೊದಲಿಂದ. ಆ ಸಲದ ಖರ್ಚು ನನ್ನದೇ. ಈಗ ಲಕೋಟೆಯ ಮೇಲೆ ಕೆಂಪು ಪೆನ್ನಿನಲ್ಲಿ ಕೊನೆಯ ತಾರೀಖು ಬರೆದು ಕಳಿಸುತ್ತೇನೆ.

ಲಂಡನ್ ಕೋರ್ಟಿನ ಡಿಕ್ರಿ ತುಮಕೂರಿನಲ್ಲಿ ನಡೆಯುತ್ತಾ?

ದುಡ್ಡಿನ ಡಿಕ್ರಿಯಾದರೆ ನಡೆಯುತ್ತದೆ. ಬ್ರಿಟನ್ನಿನ ಮೇಲಿನ ಕೋರ್ಟುಗಳ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಪ್ರಕಾರ ನೇರ ಜಿಲ್ಲಾ ಕೋರ್ಟಿಗೆ ತಂದು ಅಮಲು ಮಾಡಿಸಬಹುದು. ಅಮೆರಿಕ ಈ ಪಟ್ಟಿಯಲ್ಲಿಲ್ಲ. ನ್ಯೂಯಾರ್ಕಿನ ಡಿಕ್ರಿ ಹಿಡಿದು ಬಂದವರು ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹಾಕಬೇಕು, ಅದೂ ತೀರ್ಪಿನಿಂದ ಮೂರು ವರ್ಷದೊಳಗೆ.

ವಿಚ್ಛೇದನದ ದಾರಿ ಬೇರೆ. ತಿರುಪತಿಯಲ್ಲಿ ಮದುವೆಯಾದ ದಂಪತಿಯಲ್ಲಿ ಗಂಡ ಅಮೆರಿಕದ ಮಿಸೌರಿಯಲ್ಲಿ ವಿಚ್ಛೇದನ ಪಡೆದ. ಅದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯಾವ ಕಾನೂನಿನಡಿ ಮದುವೆ ಆಗಿದೆಯೋ ಆ ಕಾನೂನಿನ ಕಾರಣಗಳ ಮೇಲೇ ಬಿಡುಗಡೆ ಆಗಬೇಕು ಅನ್ನುವುದು ಸಾಮಾನ್ಯ ನಿಯಮ. ಎದುರು ಪಕ್ಷ ಸ್ವಂತ ಇಚ್ಛೆಯಿಂದ ಅಲ್ಲಿ ಹಾಜರಾಗಿ ಒಪ್ಪಿದ್ದರೆ ಬೇರೆ ಮಾತು. ಹೊರಗೆ ವಿಚ್ಛೇದನ ಆಯ್ತು ಅಂತ ಊರಿಗೆ ಬಂದು ಎರಡನೇ ಮದುವೆ ಆಗುವ ಮೊದಲು ಯಾರಾದರೂ ವಕೀಲರನ್ನು ಕೇಳಿ, ದಯವಿಟ್ಟು.

ನಿಮಗೆ ಎರಡೂ ಕಡೆ ಕಾನೂನು ಗೊತ್ತಲ್ಲ, ಲಂಡನ್ ಕೋರ್ಟಿನಲ್ಲಿ ಭಾರತದ ಕಾನೂನು ವಾದ ಮಾಡ್ತೀರಾ?

ಇಲ್ಲ. ಇದು ನನಗೂ ಮೊದಲು ವಿಚಿತ್ರ ಅನಿಸಿತು. ಲಂಡನ್ ಕೋರ್ಟಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಒಂದು ಕಾನೂನೇ ಅಲ್ಲ, ಒಂದು ಸಂಗತಿ. ಗೋಡೆಯಲ್ಲಿ ಬಿರುಕು ಇದೆಯಾ ಅಂತ ಇಂಜಿನಿಯರ್ ಬಂದು ಹೇಳುವ ಹಾಗೆ, ಭಾರತದ ಕಾನೂನು ಹೀಗಿದೆ ಅಂತ ತಜ್ಞ ಸಾಕ್ಷಿ ಬಂದು ಹೇಳಬೇಕು. ನಮ್ಮ ಕೋರ್ಟುಗಳಲ್ಲಿ ಇಂಗ್ಲೆಂಡಿನ ಕಾನೂನಿಗೂ ಅದೇ ಗತಿ.

ಹಾಗಾಗಿ ಒಂದು ಕೇಸಿನಲ್ಲಿ ನಾನು ಸಾಲಿಸಿಟರ್ ಆದರೆ ಅದರಲ್ಲೇ ತಜ್ಞ ಸಾಕ್ಷಿ ಆಗಲು ಹೋಗುವುದಿಲ್ಲ. ಎರಡು ಟೋಪಿ ಇದ್ದರೂ ಒಂದು ಸಲಕ್ಕೆ ಒಂದೇ. ಎರಡೂ ಕಡೆ ಗೊತ್ತಿರುವುದರ ಲಾಭ ಬೇರೆ ಕಡೆ ಇದೆ: ಯಾವ ಪ್ರಶ್ನೆ ಕೇಳಬೇಕು ಅಂತ ಗೊತ್ತಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯನ್ನು ಟ್ರಸ್ಟ್ ಅಂದುಕೊಂಡು ಅರ್ಧ ಕೇಸು ನಡೆಸಿದವರನ್ನು ನೋಡಿದ್ದೇನೆ.

ಗೆದ್ರೆ ಇಷ್ಟು ಪರ್ಸೆಂಟ್ ಅಂತ ಫೀಸು ಮಾತಾಡಬಹುದಾ? ಅಮೆರಿಕದಲ್ಲಿ ಮಾಡ್ತಾರಂತಲ್ಲ.

ಅಮೆರಿಕದಲ್ಲಿ ಮಾಡುತ್ತಾರೆ, ಅಪಘಾತ ಪರಿಹಾರದ ಕೇಸುಗಳಲ್ಲಿ ಅದೇ ರೂಢಿ. ಕ್ರಿಮಿನಲ್ ಕೇಸಿಗೆ, ವಿಚ್ಛೇದನಕ್ಕೆ ಮಾತ್ರ ಕೂಡದು. ಇಂಗ್ಲೆಂಡಿನಲ್ಲೂ ಸೋತರೆ ಫೀಸಿಲ್ಲ ಅನ್ನುವ ಕರಾರು ಮಿತಿಗಳೊಳಗೆ ನಡೆಯುತ್ತದೆ. ಭಾರತದಲ್ಲಿ ವಕೀಲರಿಗೆ ಅದು ನಿಷಿದ್ಧ. ಒಂದೇ ಮನೆತನದ ಮೂರು ಕೇಸಿಗೆ ನಾನು ಮೂರು ಬೇರೆ ಫೀಸು ಪತ್ರ ಬರೆದಿದ್ದೇನೆ. ಕರ್ನಾಟಕದ ಕೆಲಸದ ಬಿಲ್ಲು ಯಾವತ್ತೂ ಬೇರೆ, ಏಕೆಂದರೆ ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳುವ ಹಾಗಿಲ್ಲ.

ಇನ್ನೂ ಬಿಗಿಯಾದದ್ದು ಗುಟ್ಟಿನ ವಿಷಯ. ಬ್ರಿಟನ್ನಿನಲ್ಲಿ ಕಕ್ಷಿದಾರರ ದುಡ್ಡು ಕಳ್ಳದುಡ್ಡು ಅನಿಸಿದರೆ ಸಾಲಿಸಿಟರ್ ಸರ್ಕಾರಕ್ಕೆ ವರದಿ ಮಾಡಬೇಕಾಗಬಹುದು. ವರದಿ ಮಾಡಿದೆ ಅಂತ ಕಕ್ಷಿದಾರರಿಗೆ ಹೇಳಿದರೆ ಅದೇ ಅಪರಾಧ. ಭಾರತದಲ್ಲಿ 2023ರ ಮೇ ತಿಂಗಳಲ್ಲಿ ಲೆಕ್ಕ ಪರಿಶೋಧಕರನ್ನು ಇಂಥ ನಿಯಮದೊಳಗೆ ತಂದರು, ವಕೀಲರನ್ನು ತರಲಿಲ್ಲ. ಸೈಟು ಮಾರಿದಾಗ 'ಅರ್ಧ ವೈಟು, ಅರ್ಧ ಬ್ಲ್ಯಾಕು' ಅಂತ ಸಲೀಸಾಗಿ ಹೇಳುವ ನಮ್ಮವರಿಗೆ ಇದು ಅರ್ಥವಾಗುವುದಿಲ್ಲ. ಅದಕ್ಕೇ ಮೊದಲ ಭೇಟಿಯಲ್ಲೇ, ಕಾಫಿ ಬರುವ ಮೊದಲೇ, ನಾನು ಹೇಳಿಬಿಡುತ್ತೇನೆ: ಇಲ್ಲಿ ಕೂತು ಏನು ಹೇಳಿದರೂ ನನ್ನನ್ನು ಇಂಗ್ಲೆಂಡಿನ ನಿಯಮ ಕಟ್ಟಿಹಾಕುತ್ತದೆ.

ಹೊರದೇಶದಲ್ಲಿ ಸಂಬಳದ ಕೆಲಸಕ್ಕೆ ಸೇರಿದ್ರೆ ಇಲ್ಲಿನ ಸನ್ನದು ಏನಾಗುತ್ತೆ?

ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ಭಾರತದಲ್ಲಿ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ನೌಕರಿ ಬಿಟ್ಟ ಮೇಲೆ ಅರ್ಜಿ ಕೊಟ್ಟು ಮತ್ತೆ ಚಾಲ್ತಿ ಮಾಡಿಸಬಹುದು. ನಾನು ಹಾಗೇ ಮಾಡಿದೆ. ಈಗ ಸಂಬಳಕ್ಕಿಲ್ಲ, ಸ್ವತಂತ್ರವಾಗಿ ಕೆಲಸ ಮಾಡುತ್ತೇನೆ, ಸನ್ನದು ಜೀವಂತವಾಗಿದೆ. ಜಾಸ್ತಿ ಜನ ತಿಳಿಸುವುದೇ ಇಲ್ಲ. ಹತ್ತು ವರ್ಷದ ಮೇಲೆ ಜಡ್ಜ್ ಹುದ್ದೆಗೆ ಅರ್ಜಿ ಹಾಕಿದಾಗ ಅದು ಹೊರಗೆ ಬರುತ್ತದೆ.

ನನ್ನ ಮಗ ಲಂಡನ್ನಲ್ಲೇ ಲಾ ಓದಿದಾನೆ. ಇಲ್ಲಿ ಬಂದು ಪ್ರಾಕ್ಟೀಸ್ ಮಾಡಬಹುದಾ?

ಪಾಸ್‌ಪೋರ್ಟ್ ಯಾವುದು ಅನ್ನುವುದೇ ಮೊದಲ ಪ್ರಶ್ನೆ. ಭಾರತದ ಪ್ರಜೆಯಾಗಿದ್ದು, ಅವನ ಡಿಗ್ರಿಯನ್ನು ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ್ದರೆ, ಅವರ ಅರ್ಹತಾ ಪರೀಕ್ಷೆ ಬರೆದು ಹೆಸರು ಬರೆಸಬಹುದು. ಬ್ರಿಟಿಷ್ ಪ್ರಜೆಯಾಗಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ ದಾರಿ ಅಷ್ಟು ನೇರವಲ್ಲ, ಮೊದಲು ಪರಿಷತ್ತನ್ನೇ ಕೇಳಿ.

ವಿದೇಶಿ ವಕೀಲರಿಗೆ ಬೇರೆ ಕಿಂಡಿಯೊಂದಿದೆ. ಬಂದು ಸಲಹೆ ಕೊಟ್ಟು ಹೋಗಬಹುದು, ಅದು ಅಪರೂಪಕ್ಕೆ ಆದರೆ ತಪ್ಪಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಷತ್ತು 2023ರಲ್ಲಿ ನಿಯಮ ತಂದು, 2025ರ ಮೇ ತಿಂಗಳಲ್ಲಿ ತಿದ್ದಿತು. ಅದರಂತೆ ನೋಂದಣಿ ಮಾಡಿಸಿಕೊಂಡರೆ ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಡಬಹುದು, ನಮ್ಮ ಕೋರ್ಟಿಗೆ ಬರುವ ಹಾಗಿಲ್ಲ.

ಮೂರನ್ನೂ ಉಳಿಸಿಕೊಳ್ಳೋದು ತಲೆನೋವಲ್ವಾ?

ತಲೆನೋವೇ. ನ್ಯೂಯಾರ್ಕಿಗೆ ಎರಡು ವರ್ಷಕ್ಕೊಮ್ಮೆ 375 ಡಾಲರ್, ಅಲ್ಲಿ ಪ್ರಾಕ್ಟೀಸ್ ಮಾಡುವವರಿಗೆ 24 ಗಂಟೆ ತರಗತಿ. ಇಂಗ್ಲೆಂಡಿನಲ್ಲಿ ಪ್ರತಿ ಅಕ್ಟೋಬರ್ ಪ್ರಾಕ್ಟೀಸ್ ಪತ್ರದ ನವೀಕರಣ. ಗಂಟೆಗಳ ಲೆಕ್ಕವನ್ನು ಅವರು 2016ರಲ್ಲಿ ಕೈಬಿಟ್ಟರು, ಏನು ಕಲಿತೆ ಅಂತ ನಾವೇ ಬರೆದಿಟ್ಟುಕೊಳ್ಳಬೇಕು. ಉಪಯೋಗಿಸದ ಲೈಸೆನ್ಸನ್ನು ಬರೀ ವಿಸಿಟಿಂಗ್ ಕಾರ್ಡಿನ ಅಂದಕ್ಕೆ ಇಟ್ಟುಕೊಂಡವರು ತುಂಬ ಜನ ಇದ್ದಾರೆ. ನ್ಯೂಯಾರ್ಕಿನದು ನನಗೂ ಒಂದೊಂದು ವರ್ಷ ಹಾಗೇ ಅನಿಸುತ್ತದೆ. ಬಿಟ್ಟಿಲ್ಲ, ಆಲ್ಬನಿಯ ಚಳಿ ನೆನಪಾಗುತ್ತದೆ.

ಈಗಲೇ ಶುರು ಮಾಡಬೇಕು ಅಂದ್ರೆ ನಾಳೆ ಬೆಳಿಗ್ಗೆ ಏನು ಮಾಡಲಿ?

ಹೆಸರು ಸರಿ ಮಾಡಿಸಿ. ತಮಾಷೆಯಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿಯಲ್ಲಿ ಮುಂದೆ, ಸನ್ನದಿನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಊರ ಹೆಸರೇ ಸರ್‌ನೇಮ್. ನನ್ನವು ನಾಲ್ಕೂ ನಾಲ್ಕು ಥರ ಇದ್ದವು. ನ್ಯೂಯಾರ್ಕಿನ ಫಾರಂ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ನಮ್ಮ ಮನೆಯಲ್ಲಿ ಯಾರಿಗೂ ಕೊನೆಯ ಹೆಸರೇ ಇಲ್ಲ. ನಾಲ್ಕೂ ನಾನೇ ಅಂತ ಅಫಿಡವಿಟ್ ಮಾಡಿಸಿ, ಅಪೊಸ್ಟಿಲ್ ಹಾಕಿಸಿ ಕಳಿಸಲು ಎರಡು ತಿಂಗಳು ಹೋಯಿತು. ಅಲ್ಲಿನ ದಾಖಲೆಯಲ್ಲಿ ಇವತ್ತಿಗೂ ನನ್ನ ಕೊನೆಯ ಹೆಸರು ತಿಪಟೂರು. ಅಲ್ಲಿನ ಗುಮಾಸ್ತರು ಫೋನಿನಲ್ಲಿ 'ಮಿಸ್ ತಿಪಟೂರು' ಅಂದಾಗ ಅಪ್ಪನಿಗೆ ಹೇಳಿದೆ. ಅವರು ವಾರವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಹೇಳಿಕೊಂಡು ಓಡಾಡಿದರು.